ಬಾಕಿ ಇಟ್ಟ ಗುಂಡಿ

ನಮ್ಮಪ್ಪ ದಂಡಿನ ದರ್ಜಿ. ಸೈನಿಕರ ವಸತಿಯ ಗೇಟಿನೆದುರು ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಒಂದು ಪರದೆ. ಅಂಗಡಿ ಅಷ್ಟೇ, ಬಾಯಿ ಮಾತ್ರ ದೊಡ್ಡದು. "ಅಳತೆ ಕೊಡುವಾಗ ಹೊಟ್ಟೆ ಒಳಗೆಳ್ಕೋಬೇಡ ಕಣಪ್ಪಾ, ಊಟ ಆದ್ಮೇಲೆ ನನ್ನನ್ನೇ ಬೈತೀಯ" ಎಂದು ಎಂಥ ಮೀಸೆಯವನನ್ನೂ ನಗಿಸುತ್ತಿದ್ದ.

ಯುದ್ಧಕ್ಕೆ ಹೊರಟವರು ಅಪ್ಪನ ಬಳಿ ಒಂದು ಅಂಗಿ ಹೊಲಿಸಿ, ಕೊನೆಯ ಗುಂಡಿಯೊಂದನ್ನು ಬಾಕಿ ಉಳಿಸಿ, ಅಂಗಿಯನ್ನು ಅಲ್ಲೇ ಬಿಟ್ಟುಹೋಗುತ್ತಿದ್ದರು. ಯಾರು ಶುರು ಮಾಡಿದ ರೂಢಿಯೋ! ಗಾಯಗೊಂಡು ಮರಳಿದ ಸೈನಿಕನೊಬ್ಬ ನನಗೆ ಹೇಳಿದ್ದ: "ಹೆದರಿಕೆ ಎಲ್ಲಿ ಹೋಗುತ್ತೆ ತಂಗೀ? ಬಾಂಬ್ ಬೀಳ್ತಿದ್ರೆ ಕೈಕಾಲು ನಡುಗೇ ನಡುಗುತ್ತೆ. ಆಗ ಆ ಗುಂಡಿ ನೆನಪಾಗುತ್ತೆ. ಕೆಲಸ ಬಾಕಿ ಇದೆ, ವಾಪಸ್ ಹೋಗ್ಲೇಬೇಕು ಅಂದ್ಕೊಂಡು ಹೆಜ್ಜೆ ಇಡ್ತೀನಿ."

ಬಾರದವರ ಅಂಗಿಗಳು ಕಪಾಟಿನಲ್ಲಿದ್ದವು. ಅಪ್ಪ ಅವನ್ನು ವಾರಕ್ಕೊಮ್ಮೆ ಕೊಡವಿ ಮಡಚಿಡುತ್ತಿದ್ದ.

ನನ್ನ ಅಣ್ಣನೂ ಸೈನ್ಯ ಸೇರಿದ. ಯುದ್ಧಕ್ಕೆ ಹೊರಡುವ ದಿನ ಅಂಗಡಿಗೆ ಬಂದು, "ಅಪ್ಪಾ, ನಂದೂ ಒಂದು ಗುಂಡಿ ಬಾಕಿ ಇಡು" ಎಂದ. ಅಂಗಡಿ ತುಂಬ ಜನ. ಅಪ್ಪನಿಗೆ ಜಂಬ ಏರಿತು. "ನಿನಗ್ಯಾಕೋ ಇದೆಲ್ಲ? ನನ್ನ ಮಗ ಹೆದರೋ ಪೈಕಿ ಅಲ್ಲ!" ಎಂದು ಎಲ್ಲರೆದುರೇ ಅವನ ಹೊಸ ಅಂಗಿಗೆ ಐದೂ ಗುಂಡಿ ಹೊಲಿದು, ಹಲ್ಲಿನಿಂದ ದಾರ ಕಡಿದು, ಅಂಗಿ ತೊಡಿಸಿ ಬೆನ್ನು ತಟ್ಟಿದ. ಅಣ್ಣ ನಕ್ಕ. ಆ ನಗು ನನಗೆ ಸರಿಕಾಣಲಿಲ್ಲ, ಆದರೂ ಬಾಯಿ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ಎರಡು ತಿಂಗಳಿಗೆ ಸುದ್ದಿ ಬಂತು. ಅಪ್ಪ ಯಂತ್ರಕ್ಕೆ ಬಟ್ಟೆ ಹೊದಿಸಿ ಕುಳಿತುಬಿಟ್ಟ. "ವಾಪಸ್ ಬರೋಕೆ ಒಂದು ನೆಪ ಕೇಳಿದ, ಅದನ್ನೂ ಕೊಡಲಿಲ್ಲ ನಾನು" ಎನ್ನುವುದೊಂದೇ ಮಾತು. ಕಾಲ ಮಿಂಚಿದ ಮೇಲೆ ಯಾರು ಸಮಾಧಾನ ಹೇಳಿ ಏನು?

ಅಣ್ಣನ ಪೆಟ್ಟಿಗೆಯನ್ನು ಅವನ ಜೊತೆಗಾರ ತಂದುಕೊಟ್ಟ. ತೆರೆದರೆ ಆ ಅಂಗಿ ಮೇಲೇ ಇತ್ತು. ಕೊನೆಯ ಗುಂಡಿ ಮಾತ್ರ ಇರಲಿಲ್ಲ. ದಾರವನ್ನು ಯಾರೋ ಬ್ಲೇಡಿನಿಂದ ಕತ್ತರಿಸಿದ್ದರು. ಗುಂಡಿ ಜೇಬಿನಲ್ಲಿ, ಕಾಗದದಲ್ಲಿ ಸುತ್ತಿಟ್ಟಿತ್ತು.

"ಬಸ್ಸು ಹತ್ತಿದ ತಕ್ಷಣ ಅವನೇ ಕತ್ತರಿಸಿದ. ಬಂದ್ಮೇಲೆ ಅಪ್ಪನ ಕೈಲೇ ಹೊಲಿಸ್ಕೋತೀನಿ ಅಂತಿದ್ದ" ಎಂದ ಜೊತೆಗಾರ.

ಅಪ್ಪ ಗುಂಡಿಯನ್ನು ಅಂಗೈಯಲ್ಲಿಟ್ಟು ನೋಡಿದ. "ಹೆದರಿತ್ತು ಕಣೇ ನನ್ನ ಮಗು. ಹೇಳ್ಕೊಳ್ಳೋಕೂ ನಾನು ಬಿಡಲಿಲ್ಲ" ಎಂದು ಗೋಳೋ ಎಂದು ಅತ್ತ.

ಆಮೇಲೆ ಅಪ್ಪ ಹನ್ನೊಂದು ವರ್ಷ ಬದುಕಿದ, ಹೊಲಿದ. ತಮಾಷೆ ನಿಂತಿತು. ಯುದ್ಧಕ್ಕೆ ಹೊರಟ ಒಬ್ಬೊಬ್ಬನನ್ನೂ ಪರದೆಯ ಹಿಂದೆ ಕರೆದು, "ಹೆದರಿಕೆ ಆಗುತ್ತೇನಪ್ಪಾ?" ಎಂದು ಮೆಲ್ಲಗೆ ಕೇಳುತ್ತಿದ್ದ. ಇಲ್ಲ ಎಂದವರಿಗೂ ಒಂದು ಗುಂಡಿ ಬಾಕಿ ಇಡುತ್ತಿದ್ದ.