ಕೆ ಅಂದರೆ ಕ್ಯಾಚ್

ಕ್ರಿಕೆಟ್ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬಾರದು. ಇದನ್ನು ನನ್ನ ಹೆಂಡತಿ ಅಹಂಕಾರ ಎನ್ನುತ್ತಾಳೆ, ನಾನು ಅನುಭವ ಎನ್ನುತ್ತೇನೆ. ಮೈಸೂರಿನ ನಮ್ಮ ಬಡಾವಣೆಯ ಟೆನಿಸ್ ಬಾಲ್ ಪಂದ್ಯಗಳಿಗೆ ಆರು ವರ್ಷ ಸ್ಕೋರು ಬರೆದವನು ನಾನು. ನಮ್ಮ ಪುಸ್ತಕದಲ್ಲಿ ಸಿ ಅಂದರೆ ಕ್ಲೀನ್ ಬೌಲ್ಡ್. ಆ ಅಕ್ಷರ ಅಲ್ಲಿಗೇ ಖರ್ಚಾಗಿದ್ದರಿಂದ ಕ್ಯಾಚಿಗೆ ಕೆ, ಅದೂ ಹಿಡಿದವನ ಹೆಸರಿನ ಮುಂದೆ. ಈ ಪದ್ಧತಿ ನಮ್ಮ ಬಡಾವಣೆಯ ಮೋರಿ ದಾಟಿ ಆಚೆಗೆ ಹೋಗಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಐದು ವರ್ಷವಾದ ಮೇಲೆ, ಅದೂ ನಾಲ್ಕು ಜನರ ಮುಂದೆ.

ಪರ್ತ್‌ನ ಉಪನಗರ ಕ್ಯಾನಿಂಗ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯವರು ತೊಂಬತ್ತರ ಹೊಸ್ತಿಲಲ್ಲಿದ್ದ ಒಬ್ಬ ಅಮೆರಿಕನ್. ಮದುವೆಯಾದ ಹೊಸದರಲ್ಲಿ ಹೆಂಡತಿಯೊಡನೆ ಇಲ್ಲಿಗೆ ಬಂದು ನೆಲೆಸಿದವರು. ಹೆಂಡತಿ ತೀರಿಕೊಂಡಿದ್ದರು. ಮಗ ಅಡಿಲೇಡಿನಲ್ಲಿ, ಮಗಳು ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ. ಹೆಸರು ಹಿಡಿದೇ ಕರೆ ಎಂದು ಅವರು ಎಷ್ಟು ಸಲ ಹೇಳಿದರೂ ನನಗೆ ನಾಲಿಗೆ ಏಳಲಿಲ್ಲ, ಅಂಕಲ್ ಎಂದೇ ಕರೆದೆ. ತನಗೆ ಒಡಹುಟ್ಟಿದವರೇ ಇಲ್ಲದಿರುವಾಗ ಈ ಅಣ್ಣನ ಮಗ ಎಲ್ಲಿಂದ ಬಂದ ಎಂದು ಅವರು ಒಂದು ತಿಂಗಳು ಯೋಚಿಸಿ, ಆಮೇಲೆ ಕೈಬಿಟ್ಟರು.

ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ಅಂಕಲ್ ಅಮೆರಿಕದ ಯಾವುದೋ ಸಣ್ಣ ಊರಿನ ತಂಡದಲ್ಲಿ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರು. ಒಂದೇ ಒಂದು ಸೀಸನ್. ಅದರ ಸ್ಕೋರು ಪುಸ್ತಕ ಅವರ ಬಳಿ ಇತ್ತು. ಬರೆದವಳು ಆಗ ತಂಡದ ಆಫೀಸಿನಲ್ಲಿ ಕೆಲಸಕ್ಕಿದ್ದ ಹುಡುಗಿ, ಮುಂದೆ ಅವರ ಹೆಂಡತಿಯಾದವಳು. ತಮ್ಮೂರಿನ ಆಟಗಳನ್ನು ಆಕೆ ಕಣ್ಣಾರೆ ನೋಡಿ ಬರೆದಿದ್ದಳು, ಪರಊರಿನವನ್ನು ತಂಡದವರು ತಂದ ಚೀಟಿ ನೋಡಿ ನಕಲು ಮಾಡಿದ್ದಳು. ಅಂಕಲ್ಲಿಗೆ ಈಗ ಕಣ್ಣು ಮಂಜು.

"ನಿಮ್ಮವರಿಗೆ ಸ್ಕೋರು ಓದೋದು ರಕ್ತದಲ್ಲೇ ಇರುತ್ತಂತೆ. ಓದಿ ಹೇಳ್ತೀಯಾ, ಮೇಟ್?" ಎಂದು ಕೇಳಿದರು.

ಬಿಡುತ್ತೇನೆಯೇ? ಪ್ರತಿ ಭಾನುವಾರ ಮಧ್ಯಾಹ್ನ ಅವರ ಹಿತ್ತಿಲಿನಲ್ಲಿ ಪಾರಾಯಣ ಶುರುವಾಯಿತು. ಪುಟದ ತುಂಬ ಪುಟ್ಟ ಪುಟ್ಟ ಚೌಕಗಳು. ಅಂಕಲ್ ಹೆಸರಿನ ಸಾಲಿನಲ್ಲಿ ಎಲ್ಲಿ ನೋಡಿದರೂ ಕೆ. ಒಂದೊಂದು ಆಟದಲ್ಲಿ ಎರಡು, ಮೂರು.

"ಅಂಕಲ್, ಇವತ್ತು ಮೂರು ಕ್ಯಾಚ್!" ಎಂದೆ.

ಅವರು ಏನೋ ಹೇಳಲು ಬಾಯಿ ತೆರೆದು, ಮುಚ್ಚಿದರು. ಆಮೇಲೆ ಮುಖ ನಿಧಾನವಾಗಿ ಅರಳಿತು. "ಮೂರಾ? ಇನ್ನೊಂದ್ಸಲ ಓದು."

ಕೆಲವು ಕೆಗಳನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರೆದು, ಪಕ್ಕದಲ್ಲಿ 'ಲುಕಿಂಗ್' ಎಂದು ಸಣ್ಣದಾಗಿ ಗೀಚಲಾಗಿತ್ತು. ನಾನು ತಡವರಿಸುವ ಜಾತಿಯವನಲ್ಲ. ಉಲ್ಟಾ ಕೆ ಅಂದರೆ ಹಿಂದಕ್ಕೆ ಓಡಿ ಹಿಡಿದ ಕ್ಯಾಚ್, ಲುಕಿಂಗ್ ಅಂದರೆ ನೋಡುವಂತಿತ್ತು ಎಂದು ವಿವರಿಸಿದೆ. ಅಂಕಲ್ ಕಣ್ಣು ಮುಚ್ಚಿ ತಲೆದೂಗಿದರು.

"ಒಂದ್ಸಲ ಫೋನಲ್ಲಿ ನೋಡ್ಕೊಳ್ರೀ, ಅದು ಬೇರೆ ಆಟ," ಎಂದಳು ಹೆಂಡತಿ.

"ಬ್ಯಾಟು, ಬಾಲು, ಔಟು. ಇದ್ರಲ್ಲಿ ಬೇರೆ ಏನ್ ಬಂತು?" ಎಂದೆ.

ತೊಂಬತ್ತನೆಯ ಹುಟ್ಟುಹಬ್ಬ ಹತ್ತಿರ ಬಂದಾಗ ಅಂಕಲ್ ತಮ್ಮ ಮಗನ ವಿಷಯ ಹೇಳಿದರು. ಆತನೂ ಹುಡುಗನಾಗಿದ್ದಾಗ ಇದೇ ಆಟ ಆಡುತ್ತಿದ್ದನಂತೆ. ಔಟಾದ ದಿನವೆಲ್ಲ ಇವರು 'ನಾನು ಪ್ರೊಫೆಷನಲ್ ಆಗಿದ್ದವನು' ಎಂದು ಕಾರಿನಲ್ಲಿ ಮನೆಯವರೆಗೂ ಬೈದುಕೊಂಡು ಬರುತ್ತಿದ್ದರಂತೆ. ಹದಿನಾರಕ್ಕೆ ಅವನು ಬ್ಯಾಟು ಮೂಲೆಗೆಸೆದ. ಅಂದಿನಿಂದ ಅಪ್ಪ ಮಗನ ಮಾತೆಲ್ಲ ಹವಾಮಾನಕ್ಕೆ ಸೀಮಿತ.

"ಪಾರ್ಟಿ ದಿನ ಅವನ ಮುಂದೆ ನನ್ನ ಸೀಸನ್ ಓದು. ಅವನಿಗೆ ಗೊತ್ತಾಗ್ಬೇಕು. ಆದ್ರೆ ಪುಸ್ತಕದಲ್ಲಿರೋ ಅಕ್ಷರ ಮಾತ್ರ ಓದು, ವಿವರಣೆ ಬೇಡ," ಎಂದರು ಅಂಕಲ್. ಎಂಥ ವಿನಯ ಎಂದುಕೊಂಡೆ. ಇಂಥ ದೊಡ್ಡವರನ್ನು ಅವರ ವಿನಯದಿಂದ ಕಾಪಾಡುವುದು ನನ್ನ ಕರ್ತವ್ಯ ಎಂದೂ ಅಂದುಕೊಂಡೆ.

ಊಟ ಸ್ವಾನ್ ವ್ಯಾಲಿಯ ಒಂದು ದ್ರಾಕ್ಷಿ ತೋಟದಲ್ಲಿ. ಮಗ, ಮಗಳು ಇಬ್ಬರೂ ಬಂದಿದ್ದರು. ಮಗನಿಗೇ ಅರವತ್ತು ದಾಟಿತ್ತು. ಅಪ್ಪನಿಂದ ಎರಡು ಕುರ್ಚಿ ಆಚೆ ಕೂತಿದ್ದರು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಅಕ್ಷರವನ್ನೂ ಓದಿದೆ, ವಿವರಣೆಯನ್ನೂ ಕೊಟ್ಟೆ. ಹಿಂದಕ್ಕೆ ಓಡುವುದನ್ನು ಎರಡು ಹೆಜ್ಜೆ ಓಡಿಯೂ ತೋರಿಸಿದೆ.

ಮಗ ಫೋರ್ಕ್ ಕೆಳಗಿಟ್ಟರು. "ಏನಂದೆ? ಕ್ಯಾಚಾ?" ಎಂದು ಪುಸ್ತಕ ಇಸಕೊಂಡರು. "ಮೇಟ್, ಕೆ ಅಂದ್ರೆ ಸ್ಟ್ರೈಕ್‌ಔಟ್. ಮೂರು ಸ್ಟ್ರೈಕ್, ಅಂದ್ರೆ ಮೂರು ಸಲ ಚೆಂಡು ಹೊಡೆಯಕ್ಕಾಗದೆ, ಬ್ಯಾಟ್ಸ್‌ಮನ್ನೇ ಔಟಾಗೋದು."

"ಮತ್ತೆ ಉಲ್ಟಾ ಕೆ?"

"ಕೊನೇ ಚೆಂಡಿಗೆ ಬ್ಯಾಟೂ ಬೀಸದೆ, ಸುಮ್ನೆ ನೋಡ್ತಾ ನಿಂತು ಔಟಾಗೋದು. ಲುಕಿಂಗ್."

ಭೂಮಿ ಬಾಯಿಬಿಟ್ಟಿದ್ದರೆ ಪುಸ್ತಕ ಸಮೇತ ಇಳಿದುಬಿಡುತ್ತಿದ್ದೆ. ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಮಗ ಒಂದೊಂದೇ ಪುಟ ತಿರುಗಿಸಿದರು. "ಡ್ಯಾಡ್, ಇಡೀ ಸೀಸನ್ ಹಿಂಗೇನಾ? ನಾನು ಒಂದು ಸಲ ಔಟಾದ್ರೆ ಮನೆ ಸೇರೋವರೆಗೂ ಬೈತಿದ್ದೆಯಲ್ಲ?"

"ಹೌದು," ಎಂದರು ಅಂಕಲ್. "ಸೀಸನ್ ಮುಗಿದ ಮಾರನೇ ದಿನ ನನ್ನನ್ನ ಮನೆಗೆ ಕಳಿಸಿದ್ರು. ನಿನಗೆ ಅದನ್ನ ಹೇಳೋಕೆ ಇಷ್ಟು ವರ್ಷ ಬಾಯೇ ಬರಲಿಲ್ಲ. ಇವನ ಕೈಲಿ ಓದಿಸೋಣ ಅಂದ್ಕೊಂಡ್ರೆ, ಇವನು ನನ್ನನ್ನ ಹೀರೋ ಮಾಡ್ಬಿಟ್ಟ. ನಿನ್ನ ಆಟ ಹಾಳು ಮಾಡಿದ್ದು ನಾನೇ. ತಪ್ಪಾಯ್ತು."

ನನಗೆ ನಾಚಿಕೆಯ ಜೊತೆಗೆ ಅಳುವೂ ಬಂತು. ಸುಮ್ಮನಿರಬೇಕಾಗಿತ್ತು, ಆದರೆ ಅದು ನನಗೆ ಬಾರದ ವಿದ್ಯೆ. "ಮತ್ತೆ ಇಷ್ಟು ವಾರ ಯಾಕೆ ತಿದ್ದಲಿಲ್ಲ ಅಂಕಲ್?" ಎಂದು ಕೇಳಿಬಿಟ್ಟೆ.

"ಎಪ್ಪತ್ತು ವರ್ಷದಲ್ಲಿ ಆ ಸೀಸನ್ ಚೆನ್ನಾಗಿತ್ತು ಅಂದವನು ನೀನೊಬ್ಬನೇ. ತಿದ್ದೋಕೆ ಮನಸ್ಸಾಗಲಿಲ್ಲ."

ಮಗ ಇನ್ನೂ ಪುಟ ತಿರುವುತ್ತಿದ್ದರು. "ಇದೇನು, ಉಲ್ಟಾ ಕೆ ಎಲ್ಲಾ ನಿಮ್ಮೂರಿನ ಮೈದಾನದಲ್ಲೇ ಇದಾವೆ? ಪರಊರಲ್ಲಿ ಒಂದೂ ಇಲ್ಲ?"

ಅಂಕಲ್ ಮುಖ ಕೆಂಪಾಯಿತು. "ನಿಮ್ಮಮ್ಮ ಸ್ಕೋರು ಬರೀತಾ ಕೂರ್ತಿದ್ದಿದ್ದು ನನ್ನ ಎದುರಿಗೇ. ಚೆಂಡು ಬರ್ತಿದ್ದಿದ್ದು ಬೇರೆ ಕಡೆಯಿಂದ."

ಆಗ ನನ್ನ ಹೆಂಡತಿ ಕನ್ನಡದಲ್ಲಿ ಮೆಲ್ಲಗೆ ಅಂದಳು: "ಕೆ ಅಂದ್ರೆ ಕ್ಯಾಚೂ ಅಲ್ಲ, ಔಟೂ ಅಲ್ಲ ಕಣ್ರೀ. ಕಾಳು! ಅಂಕಲ್ ಕಾಳು ಹಾಕ್ತಿದ್ರು."

ನಾನು ಜೋರಾಗಿ ನಕ್ಕುಬಿಟ್ಟೆ. ಏನದು ಎಂದು ಎಲ್ಲರೂ ಕೇಳಿದರು. ನಮ್ಮ ಕಡೆ ಹುಡುಗ ಹುಡುಗಿಯ ಹಿಂದೆ ಬಿದ್ದರೆ, ಹಕ್ಕಿಗೆ ಕಾಳು ಹಾಕುತ್ತಿದ್ದಾನೆ ಎನ್ನುತ್ತೇವೆ ಎಂದು ವಿವರಿಸಿದೆ. ಜೀವನದಲ್ಲಿ ಮೊದಲ ಸಲ ನನ್ನ ವಿವರಣೆ ಸರಿಯಾಗಿತ್ತು.

ಅಂಕಲ್ ಸ್ವಲ್ಪ ಯೋಚಿಸಿದರು. "ಹಕ್ಕಿ ಪ್ರತಿಯೊಂದನ್ನೂ ಬರೆದಿಟ್ಟುಕೊಂಡಿದೆ," ಎಂದರು.

ಮಗನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡು, ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕಕ್ಕೆ ಬಂದು ಕೂತರು. ಪುಸ್ತಕವನ್ನು ಮತ್ತೆ ನನ್ನ ಕೈಗೆ ಕೊಡಲಿಲ್ಲ, ಅದು ನ್ಯಾಯವೇ. ಅಕ್ಷರದ ಮೇಲೆ ಬೆರಳಿಟ್ಟು ತಾವೇ ಓದತೊಡಗಿದರು.

"ಕೆ."

"ಹೂಂ," ಎಂದರು ಅಂಕಲ್.

"ಉಲ್ಟಾ ಕೆ."

"ಅವತ್ತು ಅವಳು ಹಳದಿ ಫ್ರಾಕ್ ಹಾಕಿದ್ದಳು."