ಕರೆದರಂತೆ, ಹೋದರಂತೆ

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಕೈ ಬಿಡುವಿರಲಿಲ್ಲ, ಕಿವಿ ಮಾತ್ರ ಖಾಲಿ ಇರುತ್ತಿದ್ದವು. ಆ ಕಿವಿಗಳಿಗೆ ಪೇಪರು ಓದಿ ಹೇಳುವ ಕೆಲಸ ನನ್ನದು. ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಮಧ್ಯಾಹ್ನ ಮನೆಗೆ ಬರುವಾಗ ಕ್ಷೌರದಂಗಡಿಯವರಿಂದ ಹಿಂದಿನ ದಿನದ ಮರಾಠಿ ಪೇಪರು ಇಸಿದುಕೊಂಡು ಬರುತ್ತಿದ್ದೆ. ಅಂಗಳದಲ್ಲಿ ಅವ್ವ, ಎದುರು ಮನೆಯ ಕಾಕು, ಇನ್ನೂ ಮೂರ್ನಾಲ್ಕು ಜನ ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತಿರುತ್ತಿದ್ದರು. ಅವರಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ಅವ್ವ ರಾಯಬಾಗ ಕಡೆಯವಳು. ಪೇಟೆಯಲ್ಲಿ ಚೌಕಾಸಿ ಮಾಡುವಷ್ಟು ಮರಾಠಿ ಕಲಿತಿದ್ದಳು, ಪೇಪರಿನ ಮರಾಠಿ ಆಕೆಯ ತಲೆಗೆ ಹತ್ತುತ್ತಿರಲಿಲ್ಲ. ಅದಕ್ಕೆ ನಾನು ಕಣ್ಣಿನಲ್ಲಿ ಮರಾಠಿ ಓದುತ್ತ ಬಾಯಲ್ಲಿ ಕನ್ನಡ ಹೇಳುತ್ತಿದ್ದೆ. ಇಡೀ ಜಗತ್ತು ನನ್ನ ಬಾಯಿಂದಲೇ ಆ ಅಂಗಳಕ್ಕೆ ಇಳಿಯಬೇಕಿತ್ತು. ಅದರಿಂದ ನನಗೆ ಬಂದಿದ್ದ ಸೊಕ್ಕು ಸಣ್ಣದಲ್ಲ.

ಆ ಹೆಂಗಸರಿಗೆ ದೊಡ್ಡ ದೇಶಗಳನ್ನು ಬೈಯುವುದೆಂದರೆ ಹಬ್ಬ. ರಷ್ಯಾ ಕಾಬೂಲಿಗೆ ಸೈನ್ಯ ತಂದು ವರ್ಷಗಳಾಗಿದ್ದವು. ಯಾಕೆ ಬಂದಿರೆಂದರೆ, ಅಲ್ಲಿಯ ಸರ್ಕಾರ ಕರೆಯಿತು, ಬಂದೆವು ಎನ್ನುತ್ತಿತ್ತು. ಅಮೆರಿಕ ಅಂಗೈಯಷ್ಟು ದ್ವೀಪವೊಂದಕ್ಕೆ ನುಗ್ಗಿತ್ತು. ಅದೂ ಹಾಗೇ ಹೇಳಿತ್ತು, ಕರೆದರು, ಹೋದೆವು. ಒಬ್ಬರನ್ನೊಬ್ಬರು ನೋಡಿದರೆ ಆಗದವರು ಸುಳ್ಳು ಹೇಳುವಾಗ ಮಾತ್ರ ಒಂದೇ ಶಾಲೆಯಲ್ಲಿ ಕಲಿತವರು. ನಮ್ಮ ದಿಲ್ಲಿಯವರದು ಇನ್ನೂ ಚಂದ. ಅಮೆರಿಕ ಕಾಲಿಟ್ಟಲ್ಲೆಲ್ಲ ಇವರಿಗೆ ಧರ್ಮ ನೆನಪಾಗುತ್ತಿತ್ತು. ಕಾಬೂಲಿನ ಮಾತು ಬಂದರೆ ಗಂಟಲು ಕಟ್ಟುತ್ತಿತ್ತು, ಯಾಕೆಂದರೆ ನಮ್ಮ ಬಂದೂಕು, ವಿಮಾನ ಬರುತ್ತಿದ್ದುದು ಆ ಕಡೆಯಿಂದ. ಇದನ್ನು ನಾನು ಕಾಲೇಜಿನ ಹುಡುಗಿಯ ಗತ್ತಿನಲ್ಲಿ ವಿವರಿಸುತ್ತಿದ್ದೆ.

ಕಾಕು ಎಲೆ ಕತ್ತರಿಸುತ್ತಲೇ ಕೇಳಿದ್ದಳು, “ಕರದವ್ರು ಯಾರಂತ ಕೇಳಬೇಕಲ್ಲಬೇ ಮದಲ. ಒಲಿ ಮುಂದ ಕುಂತ ಹೆಣ್ಮಗಳು ಕರದಾಳೋ, ಖುರ್ಚಿಮ್ಯಾಲ ಕುಂತಾಂವ ಕರದಾನೋ?”

ಅವ್ವನಿಗೆ ಅಷ್ಟೆಲ್ಲ ವಿಚಾರಣೆ ಬೇಕಿರಲಿಲ್ಲ. “ರಷ್ಯಾ, ಅಮೆರಿಕಾ ಇಬ್ಬರೂ ನಮ್ಮ ತಪಾಸಣಿಯವನಂಥವ್ರ,” ಎಂದಳು.

ಬೀಡಿ ಒಪ್ಪಿಸುವಲ್ಲಿ ತಪಾಸಣೆಗೆ ಒಬ್ಬ ಕೂತಿರುತ್ತಿದ್ದ. ಕಟ್ಟುಗಳನ್ನು ಬೆರಳಲ್ಲಿ ಹಿಚುಕಿ, ಇದು ಸಡಿಲ, ಇದರ ಮೂತಿ ಸೊಟ್ಟ ಎಂದು ಕೈಗೆ ಬಂದಷ್ಟನ್ನು ಛಾಟ್ ಎಂದು ಬದಿಗೆ ಎಸೆಯುತ್ತಿದ್ದ. ಛಾಟ್ ಎಂದರೆ ಕೆಟ್ಟ ಬೀಡಿ, ಅದಕ್ಕೆ ಕೂಲಿ ಇಲ್ಲ. ಕೆಟ್ಟದ್ದಾದರೆ ಕಟ್ಟಿದವಳಿಗೆ ವಾಪಸು ಕೊಡಬೇಕಲ್ಲ? ಕೊಡುತ್ತಿರಲಿಲ್ಲ. ಸಂಜೆ ಅದೇ ಬೀಡಿ ಪೇಟೆಯ ಗೂಡಂಗಡಿಯಲ್ಲಿ ಕಾಣುತ್ತಿತ್ತು. ನಮ್ಮ ಹೆಂಗಸರು ಅವನನ್ನು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತು. ಬಾಯಿ ತೆರೆಯುತ್ತಿರಲಿಲ್ಲ, ಕಣ್ಣು ಮಾತ್ರ ಅವನ ಮುಖದಿಂದ ಕದಲುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಸೈನ್ಯ ಲಂಕೆಗೆ ಹೋಯಿತು. ಶಾಂತಿ ಕಾಪಾಡಲು ಎಂದು ರೇಡಿಯೋ ಹೇಳಿತು. ಅಲ್ಲಿಯ ಸರ್ಕಾರವೇ ಕರೆದಿದೆ ಎಂದೂ ಹೇಳಿತು. ಆ ಮಾತು ಎಲ್ಲೋ ಕೇಳಿದಂತಿದೆಯಲ್ಲ ಎಂದು ಅಂಗಳದಲ್ಲಿ ಒಬ್ಬರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಯಾಕೆಂದರೆ ಹೋದವರಲ್ಲಿ ನಮ್ಮಣ್ಣ ಇದ್ದ. ಬೇರೆಯವರ ಮಗ ಹೋದರೆ ಅದು ದಾಳಿ, ನಮ್ಮ ಮನೆಯವನು ಹೋದರೆ ದೇಶಸೇವೆ.

ಮೊದಲ ಸಲ ಲಂಕೆಯಲ್ಲಿ ನಮ್ಮ ಸಿಪಾಯಿಗಳು ಸತ್ತ ಸುದ್ದಿ ಬಂದಾಗ ನಾನು ಇದ್ದದ್ದು ಇದ್ದಂತೆ ಓದಿದೆ. ಅವ್ವನ ಕೈ ನಿಂತಿತು. ಆ ಕೈ ಜ್ವರದಲ್ಲೂ ನಿಂತದ್ದನ್ನು ನಾನು ಕಂಡಿರಲಿಲ್ಲ. ಆ ದಿನ ಆಕೆ ಮತ್ತೆ ಒಂದು ಬೀಡಿಯನ್ನೂ ಕಟ್ಟಲಿಲ್ಲ, ಎರಡು ದಿನ ಸರಿಯಾಗಿ ಉಣ್ಣಲೂ ಇಲ್ಲ. ನನಗೆ ಹೆದರಿಕೆಯಾಯಿತು. ಅಂದಿನಿಂದ ನಾನು ಲಂಕೆಯ ಸುದ್ದಿಯನ್ನು ಹಾರಿಸತೊಡಗಿದೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತಿತ್ತು, ನಾನು ಕಣ್ಣು ಕೆಳಗಿಳಿಸಿ ಸೀದಾ ಕಾಬೂಲಿಗೆ ಹೋಗುತ್ತಿದ್ದೆ.

“ಲಂಕಾದ್ದು ಏನರ ಬಂದೈತೇನು?” ಅವ್ವ ದಿನಾ ಕೇಳುತ್ತಿದ್ದಳು.

“ಎಲ್ಲಾ ಶಾಂತ ಐತಿ ಬೇ. ನಮ್ಮವ್ರು ಔಷಧ ಹಂಚಾಕತ್ತಾರಂತ, ರಸ್ತೆ ರಿಪೇರಿ ಮಾಡಾಕತ್ತಾರಂತ.”

ರೇಡಿಯೋದಲ್ಲಿ ಕೇಳಿದ ಮಾತಿಗೆ ನನ್ನದೂ ನಾಲ್ಕು ಸೇರಿಸಿ ಹೇಳುತ್ತಿದ್ದೆ. ಒಮ್ಮೆ ಅಲ್ಲಿಯ ಜನ ನಮ್ಮ ಸಿಪಾಯಿಗಳಿಗೆ ಹಾರ ಹಾಕಿದರು ಎಂದೂ ಓದಿದೆ. ಪೇಪರಿನ ಆ ಜಾಗದಲ್ಲಿ ಸೀರೆ ಅಂಗಡಿಯ ಜಾಹೀರಾತು ಇತ್ತು. ಅವ್ವನ ಮುಖ ಅರಳುತ್ತಿತ್ತು, ಕೈ ಚುರುಕಾಗುತ್ತಿತ್ತು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಾನು ನಂಬಿದ್ದೆ. ದಿಲ್ಲಿಯ ಕಚೇರಿಯಲ್ಲಿ ಕೂತು ಸುದ್ದಿ ಹೊಸೆಯುವವನೂ ಹೀಗೆಯೇ ನಂಬಿರುತ್ತಾನೆಂದು ಹೊಳೆಯಲು ನನಗೆ ಬಹಳ ಕಾಲ ಬೇಕಾಯಿತು.

ಮರುವರ್ಷ ಅಣ್ಣ ರಜೆಯ ಮೇಲೆ ಬಂದ. ಕೈಕಾಲು ನೆಟ್ಟಗಿದ್ದವು, ಮಾತು ಕಮ್ಮಿಯಾಗಿತ್ತು. ಬಂದ ಮೂರನೇ ದಿನ ಊರಿನ ಪುಢಾರಿಯೊಬ್ಬರು ನಾಲ್ಕು ಜನ ಹಿಂಬಾಲಕರನ್ನೂ ಒಬ್ಬ ಫೋಟೋದವನನ್ನೂ ಕರೆದುಕೊಂಡು ಸತ್ಕಾರಕ್ಕೆ ಬಂದರು. ಆ ಮನುಷ್ಯ ನಮ್ಮ ಓಣಿಗೆ ಬರುತ್ತಿದ್ದುದು ಚುನಾವಣೆಗೆ ಒಮ್ಮೆ. ಛಾಟಿನ ವಿರುದ್ಧ ಹೆಂಗಸರು ಮೋರ್ಚಾ ತೆಗೆದಾಗ ಈ ಪುಢಾರಿಯ ಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿಕೊಂಡಿತ್ತು. ಈಗ ಅಣ್ಣನ ತಲೆಗೆ ಕೇಸರಿ ಪಟಕಾ ಸುತ್ತಿಸಿ, ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಇಟ್ಟು, ಅದು ಫೋಟೋದಲ್ಲಿ ಬರಲಿಲ್ಲವೆಂದು ವಾಪಸು ಇಸಿದುಕೊಂಡು ಮತ್ತೊಮ್ಮೆ ಇಟ್ಟರು.

“ರಷ್ಯಾ, ಅಮೆರಿಕಾ ಮಂದಿ ಮನಿ ಮುರ್ಯಾಕ ಹೋಗ್ತಾರ್ರಿ. ಮಂದಿ ಮನಿ ಕಟ್ಟಾಕ ಹೋದವ್ರು ನಾವೊಬ್ಬರ,” ಎಂದು ಎದೆ ಉಬ್ಬಿಸಿ ಹೇಳಿದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪುಢಾರಿಯ ಮಾತು ನನ್ನ ಬಾಯಿಂದ ದಿನಾ ಬರುತ್ತಿದ್ದ ಮಾತೇ ಆಗಿತ್ತು. ನನಗೆ ಆತನ ಮೇಲೆ ಅಸಹ್ಯವಾಯಿತು, ನನ್ನ ಮೇಲಲ್ಲ.

ಅವರು ಚಹಾ ಕುಡಿದು ಹೋದ ಮೇಲೆ ಹೆಂಗಸರು ಮತ್ತೆ ಮೊರ ಎಳೆದುಕೊಂಡರು. ಅಣ್ಣ ಪಟಕಾ ಬಿಚ್ಚಿಟ್ಟು ಕಟ್ಟೆಯ ಮೇಲೆ ಕೂತ. ಕಾಕು ಅಕ್ಕರೆಯಿಂದ ಕೇಳಿದಳು, “ಅಲ್ಲೀ ಮಂದಿ ಹ್ಯಾಂಗ ಅದಾರೋ ಯಪ್ಪಾ? ಹಾರಾ ಹಾಕಿದ್ರಂತಲ್ಲ?”

ಅಣ್ಣ ಅವಳ ಮುಖವನ್ನೇ ನೋಡಿದ. “ಯಾರು ಹೇಳಿದ್ರು ಕಾಕು?” ಎಂದ. ಉತ್ತರಕ್ಕೆ ಕಾಯದೆ ಅವನೇ ಮುಂದುವರಿಸಿದ. “ಅಲ್ಲೂ ಹೆಂಗಸ್ರು ಅಂಗಳದಾಗ ಕುಂತು ಚುಟ್ಟಾ ಸುತ್ತತಾರ, ನಿಮ್ಮಂಗ. ಒಂದ್ಸಲ ಒಂದು ಮನಿ ಹುಡಕಾಕ ಹೋಗಿದ್ವಿ. ಬಂದೂಕ ಮುಚ್ಚಿಟ್ಟಾರಂತ ಸುದ್ದಿ ಇತ್ತು. ಏನೂ ಸಿಗಲಿಲ್ಲ. ಹೊರಗ ಬರೂವಾಗ ನನ್ನ ಬೂಟ ತಾಗಿ ಒಬ್ಬಾಕಿ ಮೊರ ಉಳ್ಳಿ ಬಿತ್ತು. ತಂಬಾಕೆಲ್ಲಾ ಮಣ್ಣಪಾಲಾತು.”

ಅವ್ವ ಕೇಳಿದಳು, “ನೀ ಬಳದು ಕೊಟ್ಟಿ ಹೌದಿಲ್ಲೋ?”

“ಇಲ್ಲ ಬೇ. ಬಗ್ಗಿದ್ರ ಹಿಂದಿಂದ ಯಾರರ ಹೊಡದಾರು ಅನ್ನೂ ಅಂಜಿಕಿ. ಆಕಿ ಏನೂ ಅನಲಿಲ್ಲ. ನೀವು ತಪಾಸಣಿಯವನ ಮಾರಿ ನೋಡ್ತೀರಲ್ಲ, ಹಂಗ ನನ್ನ ಮಾರಿ ನೋಡಿದ್ಲು.”

“ಅವ್ರ ಕರದಿದ್ರಲ್ಲೋ ನಿಮ್ಮನ್ನ?” ಕಾಕುವಿನ ದನಿ ಸಣ್ಣಗಾಗಿತ್ತು.

“ಯಾರು ಕರದಿದ್ರೋ ನನಗ ಗೊತ್ತಿಲ್ಲ. ಆಕಿ ಅಂತೂ ಕರದಿರಲಿಲ್ಲ.” ಅಣ್ಣ ನನ್ನ ಕಡೆ ತಿರುಗಿದ. “ನನ್ನ ಜೋಡಿ ಇದ್ದ ಮೂರು ಮಂದಿ ಅಲ್ಲೇ ಹ್ವಾದ್ರು. ಅದರಾಗ ಒಬ್ಬಾಂವ ಅಥಣಿ ಕಡೆಯಾಂವ. ಪೇಪರಿನಾಗ ಬಂದಿರಬೇಕಲ್ಲ, ನೀ ಓದಿರಲಿಲ್ಲೇನು?”

ಓದಿದ್ದೆ. ಅಥಣಿ ಎಂಬ ಊರಿನ ಹೆಸರೂ ನೆನಪಿತ್ತು. ಆ ಸುದ್ದಿ ಬಂದ ಮಧ್ಯಾಹ್ನ ಅದನ್ನು ಹಾರಿಸಿ, ಕಾಬೂಲಿನಿಂದ ರಷ್ಯಾದವರು ಹಿಂತಿರುಗುವ ಸುದ್ದಿಯನ್ನು ವಿಸ್ತಾರವಾಗಿ ಹೇಳಿದ್ದೆ, ಎಲ್ಲರೂ ನಕ್ಕಿದ್ದರು.

“ಬಂದಿತ್ತು,” ಎಂದೆ.

ಅವ್ವ ಕೈಯಲ್ಲಿದ್ದ ಬೀಡಿಗೆ ದಾರ ಸುತ್ತಿ ಮುಗಿಸಿದಳು. ನನ್ನನ್ನು ನೋಡಿದಳು. ಆ ನೋಟ ಹೇಗಿತ್ತೆಂದು ಅಣ್ಣ ಆಗಲೇ ಹೇಳಿದ್ದ.

“ರೇಡಿಯೋದವ್ರು ಪಗಾರ ತಗೊಂಡು ಸುಳ್ಳ ಹೇಳ್ತಾರ,” ಎಂದಳು. “ನೀ ಪುಕ್ಕಟೆ ಹೇಳಿದಿ.”