ಒಲ್ಲೆ ಅಂದವರು ಯಾರು

ಇಲ್ಲದ ಗಂಡನನ್ನು ಎಲ್ಲಿಂದ ಕರೆತರಬೇಕು, ನೀವೇ ಹೇಳಿ. ಕೊಟ್ಟೂರಿನ ಬ್ಯಾಂಕಿನಲ್ಲಿ ಮ್ಯಾನೇಜರ್ ಎದುರು ಕೂತು ನಾನು ಹಲ್ಲು ಕಡಿದದ್ದು ಇದೇ ಮಾತಿಗೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಧಾರವಾಡದಲ್ಲಿ ಎಂ.ಎ. ಓದಲು ನನಗೆ ಎರಡನೇ ಸಲ ಸೀಟು ಸಿಕ್ಕಿತ್ತು. ಮೊದಲ ಸಲ ಸೇರಿದ ವರ್ಷವೇ ಅರ್ಧಕ್ಕೆ ಬಿಟ್ಟು ಬಂದಿದ್ದೆ. ಈಗ ಫೀಸಿಗೂ ಹಾಸ್ಟೆಲಿಗೂ ಬ್ಯಾಂಕಿನ ಸಾಲವೇ ಗತಿ. ನಮ್ಮದು ಮಂಡಕ್ಕಿ ಭಟ್ಟಿ. ಊಟಕ್ಕೆ ಕೊರತೆಯಿರಲಿಲ್ಲ, ಅದರಾಚೆ ಏನೂ ಉಳಿಯುತ್ತಿರಲಿಲ್ಲ. ತರಗತಿ ಶುರುವಾಗುವುದರೊಳಗೆ ದುಡ್ಡು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಮೂರನೇ ಸಲ ನನ್ನನ್ನು ಯಾರೂ ಕರೆಯುವುದಿಲ್ಲವೆಂದು ಗೊತ್ತಿತ್ತು.

ಮ್ಯಾನೇಜರ್ ನನ್ನ ಹಳೇ ಸರ್ಟಿಫಿಕೇಟಿನ ಮೇಲೆ ಬೆರಳಿಟ್ಟರು. "ಹಿಂದ ಬಿಟ್ಟಿದ್ದು ಯಾಕಂತ ಇಲ್ಲೇ ಬರದಾರ ನೋಡ್ರಿ, ಮದುವಿ ಅಂತ. ಮದುವಿ ಆದ ಮ್ಯಾಲೆ ಅಪ್ಪನ ಜಾಮೀನು ನಡೆಯಂಗಿಲ್ಲ. ಗಂಡನ್ನ ಕರ್ಕೊಂಡು ಬರ್ರಿ."

"ಮದುವಿ ಆಗಿಲ್ರಿ."

"ಮತ್ತ ಬಿಟ್ಟಿದ್ದು ಯಾಕ?"

"ಆಗ್ತೈತಿ ಅಂತ ಬಿಟ್ಟಿದ್ದು."

"ಆತಲ್ಲ! ಇವತ್ತಿಲ್ಲ ನಾಳೆ ಆಗ್ತೈತಿ, ಮತ್ತ ಬಿಡ್ತೀರಿ. ಸಾಲ ಯಾರು ಕಟ್ಟಬೇಕು?" ಎಂದವರೇ ಅರ್ಜಿಯ ಮೇಲೆ ಅಡ್ಡಗೆರೆ ಎಳೆದರು. ಮನುಷ್ಯ ಕೆಟ್ಟವರೇನಲ್ಲ. ನಾನು ಏಳುವಾಗ ತಡೆದು, "ಮ್ಯಾಲಿನ ಸಾಹೇಬ್ರು ಹಗರಿಬೊಮ್ಮನಹಳ್ಳಿ ಶಾಖಿಗೆ ಬರೋರದಾರ. ಮೇಲ್ಮನವಿ ಕೊಡ್ರಿ. ಓದು ಯಾಕ ಬಿಟ್ರಿ, ಆ ಸಂಬಂಧ ಈಗ ಏನಾಗೈತಿ, ಬಿಡಿಸಿ ಬರೀರಿ. ಕೆಳಗ ನಿಮ್ಮಪ್ಪನ ಸಹಿ ಇರಲಿ" ಎಂದರು.

ಆ ಸಂಬಂಧ ಏನಾಗಿದೆ ಎಂದು ನನಗಾದರೂ ಎಲ್ಲಿ ಗೊತ್ತಿತ್ತು? ಹುಡುಗ ಹಿರೇಹಡಗಲಿಯ ಕಿರಾಣಿ ಅಂಗಡಿಯವರ ಮಗ. ಮದುವೆ ಗೊತ್ತು ಮಾಡುವ ಎಲೆ ಅಡಿಕೆ ಶಾಸ್ತ್ರದ ದಿನ ಅವನ ತಾಯಿ ನನ್ನ ಉಡಿಗೆ ಒಂದು ಹಸಿರು ಸೀರೆ ಹಾಕಿದ್ದಳು. ಗೊತ್ತಾದ ಹುಡುಗಿ ಹಾಸ್ಟೆಲಿನಲ್ಲಿರುವುದು ಚೆಂದವಲ್ಲವೆಂದು ಅಪ್ಪನೇ ಧಾರವಾಡಕ್ಕೆ ಬಂದು ನನ್ನ ಟ್ರಂಕು ಹೊರಿಸಿಕೊಂಡು ಬಂದ. ಆಮೇಲೆ ಅವರ ಮನೆಯಲ್ಲಿ ಅಜ್ಜಿ ತೀರಿಕೊಂಡಳೆಂದು ಮುಹೂರ್ತ ಮುಂದೆ ಹೋಯಿತು. ಆಮೇಲೆ ಮನೆ ಕಟ್ಟಿಸುತ್ತಿದ್ದಾರೆ ಎಂದರು. ನಾನು ಕೇಳಿದಾಗಲೆಲ್ಲ ಅಪ್ಪನದು ಒಂದೇ ಮಾತು: "ಆಗ್ತೈತಿ, ತಡಿಯವ್ವಾ." ತಡೆದೆ. ಭಟ್ಟಿಯ ಮುಂದೆ ಕೂತು ಮಂಡಕ್ಕಿಯಿಂದ ಮರಳು ಜರಡಿ ಹಿಡಿಯುತ್ತ ವರ್ಷಗಳನ್ನೇ ಕಳೆದೆ.

ನಮ್ಮಲ್ಲಿ ಸಂಬಂಧ ಮುರಿಯಿತು ಎನ್ನುವುದಕ್ಕೆ ಬಾಯಿಮಾತು ಸಾಲದು. ಉಡಿಗೆ ಹಾಕಿದ ಸೀರೆಯನ್ನು ಹುಡುಗಿಯ ಕಡೆಯವರು ವಾಪಸು ಮುಟ್ಟಿಸಬೇಕು. ಅದು ಈ ಮನೆಯಲ್ಲಿರುವ ತನಕ ಹುಡುಗಿ ಆ ಮನೆಯ ಸೊಸೆಯೆಂದೇ ಲೆಕ್ಕ. ಸೀರೆ ತಾನೇ? ನಾನೇ ಕೊಟ್ಟು ಬರುತ್ತೇನೆ, ನೀವೂ ಬೇಡ ನಿಮ್ಮ ಮಗನೂ ಬೇಡ ಎಂದು ಮುಖದ ಮೇಲೆ ಹೇಳಿ ಬರುತ್ತೇನೆ ಎಂದು ನಿರ್ಧರಿಸಿದೆ. ಅಪ್ಪ ಭತ್ತ ತರಲು ಹರಪನಹಳ್ಳಿಗೆ ಹೋದ ದಿನ ನೋಡಿ ಸೀರೆ ತೆಗೆದು ಚೀಲದಲ್ಲಿಟ್ಟುಕೊಂಡೆ. ಅವ್ವ ಎಲ್ಲವನ್ನೂ ನೋಡುತ್ತ ನಿಂತಿದ್ದಳು, ಒಂದು ಮಾತಾಡಲಿಲ್ಲ. ಗೊತ್ತಾದ ಹುಡುಗಿ ಒಬ್ಬಳೇ ಗಂಡಿನ ಮನೆಗೆ ಹೊರಟರೆ ಯಾವ ತಾಯಿ ಸುಮ್ಮನಿರುತ್ತಾಳೆ? ನನಗೆ ಅಲ್ಲೇ ತಿಳಿಯಬೇಕಿತ್ತು. ಆದರೆ ತಲೆ ತುಂಬ ಸಿಟ್ಟು ತುಂಬಿಕೊಂಡಿದ್ದೆ.

ಹಿರೇಹಡಗಲಿಯಲ್ಲಿ ಬಾಗಿಲು ತೆರೆದವಳು ನನ್ನ ವಯಸ್ಸಿನ ಹೆಂಗಸು. ಕಂಕುಳಲ್ಲಿ ಕೂಸು. "ಯಾರು ಬೇಕಾಗಿತ್ರಿ?" ಎಂದಳು. ಅಷ್ಟರಲ್ಲಿ ಒಳಗಿನಿಂದ ಹುಡುಗನ ತಾಯಿ ಬಂದವಳು ನನ್ನನ್ನು ಗುರುತು ಹಿಡಿದು, ಸೊಸೆಯನ್ನು ಒಳಗೆ ಕಳಿಸಿದಳು. ಸೊಸೆ! ಇಟ್ಟಿಗಿ ಊರಿನಿಂದ ತಂದ ಹೆಣ್ಣಂತೆ.

"ಬಾರವ್ವಾ, ಕುಂದ್ರು. ನಿಮ್ಮಪ್ಪ ಹೇಳಿಲ್ಲೇನು?" ಎಂದಳು ಆಕೆ. "ಹಿರೇರ್ನ ಕಳಿಸಿ ಆ ವರ್ಷಽ ಹೇಳಿದ್ವಿ. ನಮ್ಮ ಹುಡುಗ ಮೆಟ್ರಿಕ್ ಆದಾವ, ಅಷ್ಟು ಓದಿದಾಕಿನ್ನ ನಾ ಒಲ್ಲೆ ಅಂತ ಕುಂತ. ನಾವರ ಏನ್ ಮಾಡೋಣ? ಸೀರಿ ಸಾವಕಾಶ ಕಳಿಸ್ತೀನಿ ಅಂದಿದ್ದ ನಿಮ್ಮಪ್ಪ."

ಅಯ್ಯೋ ಶಿವನೇ! ಇವನಿಗಾಗಿ ಓದು ಬಿಟ್ಟು ಬಂದವಳು ನಾನು. ಓದಿದವಳೆಂದು ನನ್ನನ್ನು ಬಿಟ್ಟವನು ಇವನು. ಹೇಳಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಸೀರೆಯನ್ನು ಆಕೆಯ ಕೈಗಿಟ್ಟೆ. ಆಕೆ ಕುಂಕುಮ ತರಲು ಒಳಗೆ ಹೋದಳು, ನಾನು ಕಾಯದೆ ಹೊರಟುಬಿಟ್ಟೆ.

ಮನೆಗೆ ಬಂದಾಗ ಅಪ್ಪ ಬಾಣಲೆಯ ಮುಂದೆ ಕೂತಿದ್ದ. ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು. ಚೀಲವನ್ನು ಅವನ ಮುಂದೆ ಕೊಡವಿ, "ಸೀರಿ ಕೊಟ್ಟು ಬಂದೆ. ಅವ್ನ ಕೂಸನ್ನೂ ನೋಡಿ ಬಂದೆ" ಎಂದೆ.

ಅಪ್ಪ ಜರಡಿ ಕೆಳಗಿಟ್ಟ. "ಸೀರಿ ಮನ್ಯಾಗ ಇರೋತನಕ ಓಣ್ಯಾಗ ನಿನ್ನ ಯಾರೂ ಬಿಟ್ಟ ಹೆಣ್ಣು ಅಂತಿರಲಿಲ್ಲವ್ವಾ. ಅಷ್ಟ್ರಾಗ ಬ್ಯಾರೆ ಕಡಿ ನೋಡಿದ್ರಾತು ಅಂತ…" ಎಂದ.

"ಯಾರ್ ಏನಂದ್ರ ನನಗೇನಪ್ಪಾ? ನನ್ನ ಓದು ಹೋತಲ್ಲ! ಅವತ್ತಽ ಹೇಳಿದ್ರ ಅವತ್ತಽ ವಾಪಸು ಹೋಗ್ತಿದ್ದೆ" ಎಂದು ಕೂಗಾಡಿದೆ. ಪಕ್ಕದ ಭಟ್ಟಿಯವರು ಕೆಲಸ ನಿಲ್ಲಿಸಿ ನೋಡಿದರು. ನೋಡಲಿ ಅಂತಲೇ ಕೂಗಿದೆ. ಅಪ್ಪನ ಮೇಲೆ ಅಷ್ಟು ಸಿಟ್ಟು ಬಂದದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಮೇಲ್ಮನವಿ ಬರೆದೆ. ಮದುವೆ ಗೊತ್ತಾದದ್ದು, ಓದು ಬಿಡಿಸಿದ್ದು, ಗಂಡಿನ ಕಡೆಯವರು ಒಲ್ಲೆ ಅಂದದ್ದು, ಎಲ್ಲ ಇದ್ದದ್ದು ಇದ್ದಂತೆ. ಸಹಿಗೆ ಕೊಟ್ಟಾಗ ಅಪ್ಪ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ಪೆನ್ನು ಹಿಡಿದವನು ಸಹಿ ಹಾಕಲಿಲ್ಲ.

"ಒಂದು ಮಾತು ಬದಲಿ ಮಾಡ್ತೀಯೇನವ್ವಾ? ಅವರು ಒಲ್ಲೆ ಅಂದ್ರು ಅಂತ ಬ್ಯಾಡ. ನಾವಽ ಒಲ್ಲೆ ಅಂದ್ವಿ ಅಂತ ಬರಿ."

ಹರಿದು ಭಟ್ಟಿಗೆ ಹಾಕಬೇಕು ಅನ್ನಿಸಿತು. ಆದರೆ ಸಹಿ ಬೇಕಲ್ಲ. ಹಾಳಾಗಿ ಹೋಗಲಿ ಎಂದು ಬೇರೆ ಹಾಳೆಯಲ್ಲಿ ಅವನು ಹೇಳಿದಂತೆಯೇ ಬರೆದುಕೊಟ್ಟೆ.

ಸಾಲ ಕೊನೆಗೆ ಮಂಜೂರಾಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಎಂ.ಎ.ಯನ್ನೂ ಮುಗಿಸಿದೆ. ಆದರೆ ಅದು ಮಂಜೂರಾದ ಬಗೆಯನ್ನು ಹೇಳಲೇಬೇಕು.

ಹಗರಿಬೊಮ್ಮನಹಳ್ಳಿಯ ಶಾಖೆಯಲ್ಲಿ ಅವತ್ತು ಜನವೋ ಜನ. ಪಂಪ್‌ಸೆಟ್ಟಿನ ಸಾಲದವರು, ಎಮ್ಮೆಯ ಸಾಲದವರು ಬೆಂಚಿನ ತುಂಬ ಕೂತಿದ್ದರು. ಅಪ್ಪನಿಂದ ಮಂಡಕ್ಕಿ ತರಿಸಿಕೊಳ್ಳುತ್ತಿದ್ದ ಅಂಗಡಿಯವನೂ ಅವರ ನಡುವೆ ಇದ್ದ. ಅಪ್ಪನನ್ನು ನೋಡಿ ನಕ್ಕ. ಸಾಹೇಬರಿಗೆ ಬೇರೆ ಕೋಣೆ ಇರಲಿಲ್ಲ, ಎಲ್ಲರ ಎದುರಿಗೇ ಮೇಜು. ಅವರು ನನ್ನ ಹಾಳೆ ಓದಿ ಕನ್ನಡಕ ತೆಗೆದರು.

"ಓದಿಗೆ ಸೇರಿದ್ರಿ, ಬಿಟ್ರಿ. ಮದುವಿಗೆ ಒಪ್ಪಿದ್ರಿ, ಅದನ್ನೂ ನೀವಽ ಬಿಟ್ರಿ. ಇಂಥವರಿಗೆ ಏನು ನಂಬಿ ಸಾಲ ಕೊಡ್ಲಿ, ನೀವಽ ಹೇಳ್ರಿ."

ಉತ್ತರ ನನ್ನ ಬಾಯಲ್ಲೇ ಇತ್ತು. ಅಪ್ಪ ಪಕ್ಕದಲ್ಲಿದ್ದ. ನಾನು ಮೇಜಿನ ಕಾಲು ನೋಡುತ್ತ ಕೂತೆ. ಸಾಹೇಬರು ಹಾಳೆಯನ್ನು ಪಕ್ಕಕ್ಕೆ ಸರಿಸಿ ಮುಂದಿನವರ ಹೆಸರು ಕೇಳಿದರು.

"ಅದು ಸುಳ್ಳು ಐತ್ರಿ," ಎಂದ ಅಪ್ಪ. ದನಿ ನನಗಷ್ಟೇ ಕೇಳಿತು. "ನಾನಽ ಬರಸೀನಿ. ನನ್ನ ಮಗಳನ್ನ ಅವರು ಒಲ್ಲೆ ಅಂದ್ರು."

ಫ್ಯಾನು ದಡಬಡ ತಿರುಗುತ್ತಿತ್ತು. ಸಾಹೇಬರು ಕಿವಿಗೆ ಕೈ ಹಚ್ಚಿ, "ಏನಂದ್ರಿ? ಜೋರಾಗಿ ಹೇಳ್ರಿ" ಎಂದರು.

ಅಪ್ಪ ಒಂದು ಸಲ ಬೆಂಚಿನ ಕಡೆ ನೋಡಿದ. ಈ ಮಾತು ಇವನ ಬಾಯಿಂದ ಬರಲೇಬೇಕು ಎಂದು ಹಿರೇಹಡಗಲಿಯಿಂದ ಬಂದಾಗಿನಿಂದ ಹಂಬಲಿಸಿದ್ದೆ. ಈಗ, ಬೇಡಪ್ಪಾ, ನಡಿ ಮನಿಗೆ ಹೋಗೋಣ ಎನ್ನಬೇಕೆನ್ನಿಸಿತು. ಅನ್ನಲಿಲ್ಲ. ನನಗೆ ಸೀಟು ಬೇಕಾಗಿತ್ತು.

ಅಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ಎದ್ದು ನಿಂತ. "ನನ್ನ ಮಗಳನ್ನ ಅವರು ಒಲ್ಲೆ ಅಂದ್ರು ಸಾಹೇಬ್ರ," ಎಂದು ಬೆಂಚಿನ ಕೊನೆಯವನಿಗೂ ಕೇಳುವಂತೆ ಹೇಳಿದ. "ಓದು ಬಿಡಿಸಿದಾವ ನಾನು. ಆಕಿ ಏನೂ ಬಿಟ್ಟಿಲ್ರಿ."